ಉದ್ಯೋಗವೂ ಪುರುಷಲಕ್ಷಣವೂ

‘ಉದ್ಯೋಗಂ ಪುರುಷಲಕ್ಷಣಂ’ ಎಂಬ ಮಾತು ನಮ್ಮ ಮನೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಓದು ಮುಗಿಸಿ ಮನೆಯಲ್ಲಿ ಕುಳಿತ ಹುಡುಗನಿಗೆ ಹಿರಿಯರು ಇದನ್ನು ಹೇಳುವರು. ಹೆಣ್ಣು ಕೊಡುವವರು ಬಾಯಿಬಿಟ್ಟು ಹೇಳದಿದ್ದರೂ ಮನಸ್ಸಿನಲ್ಲಿ ಇದನ್ನೇ ಇಟ್ಟುಕೊಂಡು ವರನ ವಿಚಾರವನ್ನು ಕೇಳುವರು. ಮಾತು ಸಂಸ್ಕೃತದ್ದಾದುದರಿಂದ ಅದಕ್ಕೆ ಶಾಸ್ತ್ರವಾಕ್ಯದ ಗೌರವವೂ ಬಂದಿದೆ. ಆದರೆ ಅದರ ಮೊದಲ ಪದದ ಅರ್ಥವು ಕಾಲಕ್ರಮದಲ್ಲಿ ಎಷ್ಟು ಬದಲಾಗಿದೆಯೆಂಬುದನ್ನು ಆಲೋಚಿಸುವವರು ವಿರಳ. ಸಂಸ್ಕೃತದಲ್ಲಿ ಉದ್ಯೋಗವೆಂದರೆ ಉದ್ಯಮ, ಪ್ರಯತ್ನ, ಒಂದು ಕಾರ್ಯಕ್ಕಾಗಿ ಸೊಂಟಕಟ್ಟಿ ನಿಲ್ಲುವುದು. ಮಹಾಭಾರತದ ಉದ್ಯೋಗಪರ್ವಕ್ಕೆ ಆ ಹೆಸರು ಬಂದದ್ದು ನೌಕರಿಯಿಂದಲ್ಲ. ಅಲ್ಲಿ ನಡೆಯುವುದು ಸಂಧಿಯ ಪ್ರಯತ್ನ, ಯುದ್ಧದ ಸಿದ್ಧತೆ. ಇಂದಿನ ಕನ್ನಡದಲ್ಲಾದರೋ ಉದ್ಯೋಗವೆಂದರೆ ತಿಂಗಳ ಸಂಬಳವುಳ್ಳ ಹುದ್ದೆ. ಹಳೆಯ ಅರ್ಥದಲ್ಲಿ ಅದು ಪುರುಷನೊಳಗಿರುವ ಗುಣ. ಹೊಸ ಅರ್ಥದಲ್ಲಿ ಅದು ಇತರರು ಅವನಿಗೆ ಕೊಡಬಹುದಾದ, ಕೊಡದೆ ಇರಬಹುದಾದ, ಕೊಟ್ಟು ಕಿತ್ತುಕೊಳ್ಳಬಹುದಾದ ವಸ್ತು. ‘ಲಕ್ಷಣ’ವೆಂಬ ಪದ ಮಾತ್ರ ಇದ್ದಂತೆಯೇ ಉಳಿದಿದೆ.

ಈ ಪದವೂ ಸಾಮಾನ್ಯವಾದುದಲ್ಲ. ಯಾವುದಿಲ್ಲದಿದ್ದರೆ ವಸ್ತುವು ಆ ವಸ್ತುವೇ ಅಲ್ಲವೋ ಅದನ್ನು ತಾರ್ಕಿಕರು ಲಕ್ಷಣವೆನ್ನುವರು. ಗೋವಿಗೆ ಗಂಗೆದೊಗಲು ಲಕ್ಷಣವೆಂಬುದು ಅವರ ಪ್ರಸಿದ್ಧವಾದ ಉದಾಹರಣೆ. ಹುದ್ದೆಯೇ ಪುರುಷನ ಲಕ್ಷಣವಾದರೆ ಹುದ್ದೆಯಿಲ್ಲದವನು ಬಡವನು ಮಾತ್ರವಲ್ಲ, ಪುರುಷನೇ ಅಲ್ಲವೆಂದಾಗುವುದು. ಇಷ್ಟು ಕಠಿನವಾದ ತೀರ್ಪನ್ನು ಯಾರೂ ಬಹಿರಂಗವಾಗಿ ಕೊಡುವುದಿಲ್ಲ. ಆದರೆ ಒಂದು ಪರೀಕ್ಷೆಯಿಂದ ಇನ್ನೊಂದು ಪರೀಕ್ಷೆಗೆ ಅರ್ಜಿ ಹಾಕುತ್ತ ಮೂವತ್ತನ್ನು ಸಮೀಪಿಸಿದ ತರುಣನು ಮದುವೆಮುಂಜಿಗಳಿಗೆ ಹೋಗುವುದನ್ನು ಏಕೆ ಬಿಟ್ಟುಬಿಡುವನೆಂದು ಕೇಳಿದರೆ, ತೀರ್ಪು ಅವನಿಗೆ ತಲುಪಿದೆಯೆಂಬುದು ತಿಳಿಯುವುದು. ‘ಈಗ ಏನು ಮಾಡಿಕೊಂಡಿದ್ದೀಯಪ್ಪಾ?’ ಎಂಬ ಪ್ರಶ್ನೆಯನ್ನು ಕೇಳುವವರು ಮರೆತುಬಿಡುವರು, ಉತ್ತರವಿಲ್ಲದವನು ಮರೆಯಲಾರನು.

ಹಾಗಾದರೆ ಕೆಲಸವು ಹೋದಾಗ ಮನುಷ್ಯನಿಂದ ನಿಜವಾಗಿ ಹೋಗುವುದು ಏನು? ಸಂಬಳವು ಹೋಗುವುದು ಎಲ್ಲರಿಗೂ ಕಾಣುವ ಸಂಗತಿ. ಅದಕ್ಕಿಂತ ಆಳವಾದುದೊಂದು ಆಸ್ಟ್ರಿಯಾ ದೇಶದಲ್ಲಿ ವಿಯೆನ್ನಾ ನಗರಕ್ಕೆ ಸಮೀಪದ ಮಾರಿಯೆಂತಾಲ್ ಎಂಬ ಸಣ್ಣ ಊರಿನಲ್ಲಿ ಬೆಳಕಿಗೆ ಬಂದಿತು. ಆ ಊರು ಒಂದು ಬಟ್ಟೆಯ ಗಿರಣಿಯನ್ನೇ ನಂಬಿ ಬದುಕಿತ್ತು. 1930ರ ಹೊತ್ತಿಗೆ ಗಿರಣಿಯು ಮುಚ್ಚಿಹೋಯಿತು. ಮಾರೀ ಯಹೋದಾ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಜೈಸೆಲ್ ಎಂಬ ವಿದ್ವಾಂಸರು ತಮ್ಮ ಸಂಗಡಿಗರೊಡನೆ ಊರಿನ ಜೀವನವನ್ನು ಹತ್ತಿರದಿಂದ ಪರೀಕ್ಷಿಸಿ 1933ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಹೊತ್ತು ಬೇಕಾದಷ್ಟು ದೊರೆತ ಜನರು ಹೆಚ್ಚು ಓದುವರು, ಹೆಚ್ಚು ಕೂಡಿ ಮಾತನಾಡುವರು ಎಂದು ಯಾರಾದರೂ ಊಹಿಸಬಹುದು. ನಡೆದುದು ಅದಕ್ಕೆ ವಿರುದ್ಧ. ಅಲ್ಲಿಯ ಪುಸ್ತಕಾಲಯದಿಂದ ಪುಸ್ತಕಗಳನ್ನು ಒಯ್ಯುವುದು ಎರಡು ವರ್ಷಗಳಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು. ಬೀದಿಯಲ್ಲಿ ಗಂಡಸರು ಹೆಂಗಸರಿಗಿಂತ ನಿಧಾನವಾಗಿ ನಡೆಯುತ್ತಿದ್ದರು, ಹೆಜ್ಜೆಹೆಜ್ಜೆಗೂ ನಿಲ್ಲುತ್ತಿದ್ದರು. ಅವರಲ್ಲಿ ಹೆಚ್ಚಿನವರ ಬಳಿ ಗಡಿಯಾರವೇ ಇರಲಿಲ್ಲ. ದಿನವೆಲ್ಲ ಏನು ಮಾಡಿದಿರೆಂದು ಕೇಳಿದರೆ ಎದ್ದದ್ದು, ಉಂಡದ್ದು, ಮಲಗಿದ್ದು ಇವುಗಳ ಹೊರತು ನಡುವಣ ಗಂಟೆಗಳ ಲೆಕ್ಕ ಅವರಿಗೆ ಸಿಕ್ಕುತ್ತಿರಲಿಲ್ಲ.

ಅದೇ ಊರಿನ ಹೆಂಗಸರ ದಿನಕ್ಕೆ ಮಾತ್ರ ಅಂಚು ಹರಿದಿರಲಿಲ್ಲ. ಗಿರಣಿಯಲ್ಲಿ ದುಡಿಯುತ್ತಿದ್ದವರು ಅವರಲ್ಲಿಯೂ ಬಹುಮಂದಿ. ಅವರ ಹುದ್ದೆಗಳೂ ಹೋಗಿದ್ದುವು. ಆದರೂ ಮಧ್ಯಾಹ್ನದ ಊಟಕ್ಕೆ ಮಕ್ಕಳು ಕಾದಿರುತ್ತಿದ್ದರು. ಹರಿದ ಬಟ್ಟೆ ಸೂಜಿಗೆ ಕಾದಿರುತ್ತಿತ್ತು. ಹೆಂಗಸಿನ ಶ್ರಮದ ತುದಿಯಲ್ಲಿ ಒಬ್ಬರು ನಿಂತು ನಿರೀಕ್ಷಿಸುತ್ತಿದ್ದರು. ಗಂಡಸಿನ ಗಂಟೆಗಳ ತುದಿಯಲ್ಲಿ ಯಾರೂ ಇರಲಿಲ್ಲ. ಭೇದವಿದ್ದದ್ದು ಇಲ್ಲಿಯೇ. ಆದರೆ ಇಷ್ಟಕ್ಕೇ ನಿಂತರೆ ಅರ್ಧ ಸತ್ಯವನ್ನು ಹೇಳಿದಂತಾಗುವುದು. ಆ ಹೆಂಗಸರಲ್ಲಿ ಅನೇಕರು ಗಿರಣಿಯು ಮತ್ತೆ ತೆರೆದರೆ ಸಾಕೆಂದು ಹಂಬಲಿಸುತ್ತಿದ್ದರು. ಅದೂ ಹಣಕ್ಕಾಗಿ ಮಾತ್ರವಲ್ಲ, ನಾಲ್ಕು ಗೋಡೆಗಳ ಆಚೆಗಿನ ಸಹವಾಸಕ್ಕಾಗಿ. ಮನೆಯವರಿಗೆ ಬೇಕಾಗಿರುವುದು ದಿನವನ್ನು ತುಂಬಬಲ್ಲದು. ಮನುಷ್ಯನನ್ನು ಪೂರ್ತಿಯಾಗಿ ತುಂಬಲಾರದು. ಯಹೋದಾ ಅವರು 1982ರಲ್ಲಿ ಇದೇ ವಿಷಯವನ್ನು ಮತ್ತೆ ವಿಚಾರಿಸಿ, ಕೆಲಸವು ಸಂಬಳವಲ್ಲದೆ ಐದು ವಸ್ತುಗಳನ್ನು ಕೊಡುತ್ತದೆಂದು ಎಣಿಸಿದರು: ದಿನಕ್ಕೊಂದು ಕ್ರಮ, ಕುಟುಂಬದಾಚೆಯ ಒಡನಾಟ, ಹಲವರು ಕೂಡಿ ಸಾಧಿಸುವ ಉದ್ದೇಶದಲ್ಲಿ ಪಾಲು, ಸಮಾಜದಲ್ಲಿ ಒಂದು ಸ್ಥಾನ, ತಪ್ಪದೆ ನಡೆಯುವ ಚಟುವಟಿಕೆ. ಇವುಗಳಲ್ಲಿ ಯಾವುದೂ ಪುರುಷನಿಗೆ ಮಾತ್ರ ಬೇಕಾದುದಲ್ಲ, ಇದು ಮನುಷ್ಯಲಕ್ಷಣ.

ಮಾರಿಯೆಂತಾಲಿನವರಿಗೆ ದುಡಿಯುವ ಮನಸ್ಸಿದ್ದರೂ ದುಡಿಮೆಯಿರಲಿಲ್ಲ. ದುಡಿಮೆಯಿದ್ದೂ ಸ್ಥಾನವಿಲ್ಲದವರ ಕಥೆ ನಮ್ಮ ಸಮೀಪದಲ್ಲಿಯೇ ಇದೆ. 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯಿಂದ ಮದುವೆಯಾಗದ ತರುಣರ ಗುಂಪೊಂದು, ತಮಗೆ ಹೆಣ್ಣು ದೊರೆಯಲೆಂಬ ಹರಕೆಯಿಂದ, ಮಹದೇಶ್ವರನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೊರಟಿತು. ಅವರಲ್ಲಿ ಹೆಚ್ಚಿನವರು ಬೇಸಾಯಗಾರರು. ಪತ್ರಿಕೆಗಳು ಅದನ್ನು ಬ್ರಹ್ಮಚಾರಿಗಳ ಪಾದಯಾತ್ರೆಯೆಂದು ಕರೆದುವು. ಓದಿದವರಲ್ಲಿ ನಕ್ಕವರೂ ಉಂಟು. ಹೆಣ್ಣುಭ್ರೂಣಹತ್ಯೆಯ ಪಾಪವೂ ಈ ಸ್ಥಿತಿಗೆ ಒಂದು ಕಾರಣವೆಂಬುದನ್ನು ಮರೆಯಲಾಗದು. ಆದರೂ ಆ ತರುಣರ ದೂರಿನಲ್ಲಿ ನಿಜವಿದೆ. ಕಬ್ಬನ್ನೂ ಬತ್ತವನ್ನೂ ಬೆಳೆಯುವ ಕೈಯಲ್ಲಿ ಹಳೆಯ ಅರ್ಥದ ಉದ್ಯೋಗವು ತುಂಬಿ ತುಳುಕುತ್ತಿದೆ. ಅವನ ಶ್ರಮದ ತುದಿಯಲ್ಲಿ ಉಣ್ಣುವ ನಾಡೇ ನಿಂತಿದೆ. ಆದರೂ ಹೊಸ ಅರ್ಥದ ಉದ್ಯೋಗವು ಅವನಲ್ಲಿಲ್ಲ. ಬೆಂಗಳೂರಿನಲ್ಲಿ ಅವನಿಗಿಂತ ಕಡಮೆ ಗಳಿಸುವವನಿಗೆ ಹೆಣ್ಣು ಕೊಡುವ ಮನೆಯವರು ಇವನ ಹೊಲವನ್ನು ನೋಡಿ ಹಿಂದಿರುಗುವರು. ಮಳೆಯನ್ನೂ ಪೇಟೆಯ ಬೆಲೆಯನ್ನೂ ನಂಬಿದ ಬಾಳಿಗೆ ಮಗಳನ್ನು ಕೊಡಲು ತಂದೆತಾಯಿಗಳು ಅಂಜುವುದು ತಪ್ಪೆನ್ನಲಾಗದು. ಆದರೆ ಅಂಜಿಕೆಯು ಬೇರೆ, ತಾತ್ಸಾರವು ಬೇರೆ.

ಇನ್ನು ಹುದ್ದೆಯೂ ಸಂಬಳವೂ ಉಳ್ಳ ತರುಣನು ಸುಖಿಯೋ ಎಂದರೆ, ಅದೂ ನಿಶ್ಚಯವಲ್ಲ. ಗಾಜಿನ ಕಟ್ಟಡದಲ್ಲಿ ತೆರೆಯ ಮುಂದೆ ಕುಳಿತು, ತನ್ನ ಕೆಲಸದ ಒಂದು ತುಣುಕನ್ನು ಮಾತ್ರ ಬಲ್ಲವನಿಗೆ, ಅದು ಕೊನೆಗೆ ಯಾರ ಯಾವ ಕಷ್ಟವನ್ನು ನೀಗಿತೆಂಬುದು ತಿಳಿಯುವುದಿಲ್ಲ. ಲಗ್ನಪತ್ರಿಕೆಯಲ್ಲಿ ಅಚ್ಚಾಗುವ ಹುದ್ದೆ ಅವನದು. ಆದರೆ ಅದು ಹೋದ ದಿನ ತಾನು ಯಾರೆಂಬ ಪ್ರಶ್ನೆಗೆ ಅವನಲ್ಲಿಯೂ ಉತ್ತರವಿರದು.

ಕೆಲಸದಿಂದ ಹೆಸರು ಬರುವುದು ನಮ್ಮ ನಾಡಿಗೆ ಹೊಸತಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ ಇವರೆಲ್ಲ ಕಸುಬಿನ ಹೆಸರಿನಿಂದಲೇ ಪ್ರಸಿದ್ಧರು. ಹುಟ್ಟಿನಿಂದ ಕಸುಬನ್ನು ಕಟ್ಟಿ, ಕಸುಬಿನಿಂದ ಮೇಲುಕೀಳನ್ನು ಅಳೆಯುತ್ತಿದ್ದ ಸಮಾಜದಲ್ಲಿ ಅವರು ಹೆಸರನ್ನು ಮುಚ್ಚಿಡದೆ ಅದರ ಕೀಳನ್ನು ಮಾತ್ರ ಕಿತ್ತೊಗೆದರು. ಕಾಯಕವೆಂಬುದು ಹುದ್ದೆಯೂ ಅಲ್ಲ, ಬರಿಯ ಪ್ರಯತ್ನವೂ ಅಲ್ಲ. ಅದರ ಫಲವು ದಾಸೋಹದಲ್ಲಿ ಇತರರನ್ನು ಮುಟ್ಟಬೇಕು. ಆಯ್ದಕ್ಕಿ ಮಾರಯ್ಯನ ಕಾಯಕವು ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವುದು. ಅದಕ್ಕಿಂತ ಚಿಕ್ಕ ಕೆಲಸವನ್ನು ಕಲ್ಪಿಸುವುದು ಕಷ್ಟ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಪತ್ನಿ ಲಕ್ಕಮ್ಮನು, ನಮಗೆ ಇಷ್ಟು ಬೇಡ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳುಹಿಸಿದಳೆಂದು ಕಥೆ. ಗಳಿಕೆ ಹೆಚ್ಚಾದುದರಿಂದ ಗಂಡನ ಯೋಗ್ಯತೆ ಹೆಚ್ಚಿತೆಂದು ಅವಳು ಎಣಿಸಲಿಲ್ಲ. ಕೆಲಸವನ್ನು ಅಳೆಯುವ ಕೋಲು ಆ ಮನೆಯಲ್ಲಿ ಬೇರೆಯಾಗಿತ್ತು.

ಇಲ್ಲಿ ಒಂದು ಆಕ್ಷೇಪಣೆಗೆ ಅವಕಾಶವುಂಟು. ಎಲ್ಲ ಕೆಲಸವೂ ಸಮಾನ, ಸಿಕ್ಕಿದ್ದನ್ನು ಭಕ್ತಿಯಿಂದ ಮಾಡು ಎಂಬ ಉಪದೇಶವು ಕಡಮೆ ಕೂಲಿ ಕೊಡುವವನ ಬಾಯಿಗೆ ಬಹಳ ರುಚಿಸುವ ಮಾತು. ಚರಂಡಿಗೆ ಇಳಿಯುವವನ ಕೆಲಸವನ್ನು ಪವಿತ್ರವೆಂದು ಹೊಗಳಿ, ಅವನನ್ನು ಹೊಸಲಿನ ಹೊರಗೇ ನಿಲ್ಲಿಸುವವರು ಕಾಯಕವನ್ನು ಗೌರವಿಸಿದಂತಾಗದು. ಅದರ ಹೆಸರಿನಲ್ಲಿ ಸಾಲವನ್ನು ಮರೆಸಿದಂತಾಗುವುದು. ಆಕ್ಷೇಪಣೆಯು ನ್ಯಾಯವಾದುದೇ. ಶರಣರು ಕಸುಬಿನ ಗೌರವವನ್ನು ಮಾತಿನಲ್ಲಿ ಮಾತ್ರ ಇಡಲಿಲ್ಲ. ಕಸುಬಿನವರ ಜೊತೆಯಲ್ಲಿ ಕುಳಿತರು, ಉಂಡರು. ಸರಿಯಾದ ಕೂಲಿ, ಸಮವಾದ ಪಂಕ್ತಿ ಇವೆರಡೂ ಇಲ್ಲದ ಕಡೆಯಲ್ಲಿ ಕೆಲಸದ ಮಹಿಮೆಯನ್ನು ತರುಣನಿಗೆ ಬೋಧಿಸುವ ಅಧಿಕಾರವು ಯಾರಿಗೂ ಇಲ್ಲ.

ಹೀಗಿರಲು ಬಾಳಿನ ಅರ್ಥವನ್ನು ತರುಣನು ಹುದ್ದೆಯಲ್ಲಿ ಹುಡುಕುವುದು ಎಷ್ಟು ಅಪಾಯವೋ, ಕೆಲಸವನ್ನೇ ಬಿಟ್ಟು ತನ್ನೊಳಗೆ ಹುಡುಕುವುದೂ ಅಷ್ಟೇ ನಿಷ್ಫಲ. ತನ್ನ ಶ್ರಮಕ್ಕಾಗಿ ಯಾರು ಕಾದಿರುವರೆಂದು ಅವನು ಕೇಳಿಕೊಳ್ಳಬಹುದು. ಹುದ್ದೆಯು ದೊರೆಯುವ ಮುನ್ನವೇ ಅಂಥವರು ದೊರೆಯಬಹುದು. ನೆರೆಮನೆಯ ಮಗುವಿನ ಪಾಠ, ಊರ ಪುಸ್ತಕಾಲಯ, ತಂದೆಯ ಹೊಲ ಇವು ಹುದ್ದೆಗೆ ಬದಲಾಗಲಾರವು. ಆದರೆ ದಿನದ ಅಂಚು ಹರಿಯದಂತೆ ಹಿಡಿದಿರಬಲ್ಲವು. ಉಳಿದ ಭಾರವು ಹಿರಿಯರದು. ಹೆಸರನ್ನು ಕೇಳಿದೊಡನೆಯೇ ಸಂಬಳವನ್ನು ಕೇಳದೆ, ಮನೆಗೆ ಬಂದ ತರುಣನಿಗೆ ಮಾಡಬಹುದಾದ ಕೆಲಸವೊಂದನ್ನು ತೋರಿಸಿ, ಅದರ ಫಲಕ್ಕಾಗಿ ಮನಸಾರೆ ಕಾಯುವವರು ಊರಿಗೆ ಹತ್ತು ಮಂದಿಯಿದ್ದರೂ, ಆ ಹಳೆಯ ಮಾತಿನ ಮೊದಲ ಪದಕ್ಕೆ ಅದರ ಮೊದಲಿನ ಅರ್ಥವು ಸ್ವಲ್ಪಮಟ್ಟಿಗಾದರೂ ಹಿಂದಿರುಗುವುದು.