ಮರಣೋನ್ಮುಖನಿಗೆ ಮಿತ್ರನಾರು?

ಮಹಾಭಾರತದ ವನಪರ್ವದಲ್ಲಿ ಬರುವ ಯಕ್ಷಪ್ರಶ್ನೆಯ ಪ್ರಸಂಗವನ್ನು ಕೇಳರಿಯದ ಆಸ್ತಿಕರು ವಿರಳ. ತಮ್ಮಂದಿರು ನಾಲ್ವರೂ ಸರೋವರದ ದಡದಲ್ಲಿ ನಿಶ್ಚೇಷ್ಟಿತರಾಗಿ ಬಿದ್ದಿರುವಾಗ ಧರ್ಮರಾಯನು ಉತ್ತರಿಸಬೇಕಾದ ಪ್ರಶ್ನೆಗಳಲ್ಲಿ ಮಿತ್ರನನ್ನು ಕುರಿತವೂ ಇವೆ. ಪ್ರವಾಸಿಗೆ ಸಹಪಯಣಿಗರು, ಗೃಹಸ್ಥನಿಗೆ ಹೆಂಡತಿ, ರೋಗಿಗೆ ವೈದ್ಯ ಮಿತ್ರರೆಂದು ಹೇಳಿದ ಆತನು, ಸಾಯಲಿರುವವನಿಗೆ ಮಿತ್ರನಾರೆಂದಾಗ ಯಾವ ಮನುಷ್ಯನನ್ನೂ ಹೆಸರಿಸದೆ ದಾನವನ್ನು ಹೆಸರಿಸುತ್ತಾನೆ. ಮನುಷ್ಯನು ಮಾಡಿದ ದಾನವೇ ಅವನ ಮುಂದಿನ ಪಯಣದ ಸಂಗಾತಿ ಎಂಬುದು ಇದರ ರೂಢಿಯ ಅರ್ಥ. ಹಾಗಾದರೆ ಆ ಕೊನೆಯ ಹಾಸಿಗೆಯ ಬಳಿ ಹಳೆಯ ಗೆಳೆಯನಿಗೆ ಸ್ಥಾನವೇ ಇಲ್ಲವೆ?

ಮಹಾನಗರವಾಸಿಗಳಾದ ಕನ್ನಡಿಗರಿಗೆ ಇದು ಕೇವಲ ಗ್ರಂಥಸ್ಥ ಪ್ರಶ್ನೆಯಲ್ಲ. ಪರೇಲಿನಲ್ಲಿ 1941ರಲ್ಲಿ ಆರಂಭವಾದ ಟಾಟಾ ಸ್ಮಾರಕ ಆಸ್ಪತ್ರೆಗೂ, ಅದೇ ಸಂಸ್ಥೆಗೆ ಸೇರಿದ ಖಾರ್ಘರದ ಕೇಂದ್ರಕ್ಕೂ ಕರ್ನಾಟಕದಿಂದ ರೋಗಿಗಳು ಬರುತ್ತಲೇ ಇರುತ್ತಾರೆ. ಐರೋಲಿಯಲ್ಲಿ ಮನೆ ಮಾಡಿಕೊಂಡಿರುವ ಗೃಹಸ್ಥನೊಬ್ಬನಿಗೆ, ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತಿದ್ದ ಗೆಳೆಯನು ಹೀಗೆ ಬಂದಿರುವನೆಂದೂ, ವೈದ್ಯರು ಕೈಚೆಲ್ಲಿರುವರೆಂದೂ ಸುದ್ದಿ ಮುಟ್ಟಿತೆಂದು ಭಾವಿಸೋಣ. ಠಾಣೆಗೆ ಹೋಗಿ ಗಾಡಿ ಬದಲಿಸಿದರೆ ಪರೇಲು ದೂರವೇನಲ್ಲ. ಆದರೂ ಅವನ ಕಾಲು ಏಳುವುದಿಲ್ಲ. ಇಪ್ಪತ್ತು ವರ್ಷ ಒಂದು ಕಾಗದವನ್ನೂ ಬರೆಯದವನು ಈಗ ಹೋದರೆ, 'ನಿನ್ನ ಕಾಲ ಮುಗಿಯಿತು' ಎಂದು ಸಾರಿದಂತಾಗದೆ? ಹಿಂದೆಂದೋ ಕೈಗಡದ ವಿಷಯದಲ್ಲಿ ಮುರಿದ ಮಾತನ್ನು ಎಲ್ಲಿಂದ ಎತ್ತುವುದು? ಮುಂದಿನ ಭಾನುವಾರ ಹೋದರಾಯಿತು ಎಂದುಕೊಳ್ಳುತ್ತಾನೆ. ರೋಗವು ಭಾನುವಾರಕ್ಕಾಗಿ ಕಾಯುವುದಿಲ್ಲ.

ಇವನನ್ನು ಕಲ್ಲೆದೆಯವನೆನ್ನುವುದು ಸುಲಭ. ಆದರೆ ಅದು ನ್ಯಾಯವಲ್ಲ. ಇವನನ್ನು ತಡೆಯುವುದು ಲಜ್ಜೆ ಮತ್ತು ಭಯ. ಸಮವಯಸ್ಕನ ಮರಣಶಯ್ಯೆಯಲ್ಲಿ ಮನುಷ್ಯನು ತನ್ನದನ್ನೂ ಕಾಣುತ್ತಾನೆ. ಇದಕ್ಕಿಂತ ಸೂಕ್ಷ್ಮವಾದ ಸಂಶಯವೊಂದುಂಟು. ತಾನು ಹೋಗುವುದು ಗೆಳೆಯನ ಸಮಾಧಾನಕ್ಕೋ, ತನ್ನ ಮನಸ್ಸಿನ ಭಾರ ಇಳಿಸಿಕೊಳ್ಳುವುದಕ್ಕೋ? ಬಳಲಿದವನೆದುರು ಕ್ಷಮೆ ಯಾಚಿಸಿ ಕಣ್ಣೀರಿಟ್ಟರೆ, ಅವನೇ ಇವನನ್ನು ಸಂತೈಸಬೇಕಾದೀತು. ಈ ಸಂಶಯವನ್ನು ಹಗುರವಾಗಿ ತಳ್ಳಿಹಾಕಲಾಗದು.

ಶ್ರೀಮದ್ಭಾಗವತದ ದಶಮಸ್ಕಂಧದ ಕುಚೇಲೋಪಾಖ್ಯಾನದಲ್ಲಿ ರೋಗವಿಲ್ಲ, ಮರಣವಿಲ್ಲ; ದಾರಿದ್ರ್ಯವಿದೆ, ಬಹುಕಾಲದ ಅಗಲಿಕೆಯಿದೆ. ಮಿತ್ರನನ್ನು ಕಂಡ ಶ್ರೀಕೃಷ್ಣನು ಇಷ್ಟು ದಿನ ಏಕೆ ಬರಲಿಲ್ಲವೆಂದು ಆಕ್ಷೇಪಿಸುವುದಿಲ್ಲ. ಪಾದ ತೊಳೆದು ಉಪಚರಿಸಿ, ಸಾಂದೀಪನಿ ಗುರುಗಳ ಆಶ್ರಮದಲ್ಲಿದ್ದಾಗ ಸೌದೆಗೆಂದು ಹೋಗಿ, ಬಿರುಮಳೆಯಲ್ಲಿ ದಾರಿ ತಪ್ಪಿ, ಕಾಡಿನಲ್ಲಿ ಕಳೆದ ರಾತ್ರಿಯನ್ನು ನೆನಪಿಸುತ್ತಾನೆ. ಆಮೇಲೆ, ನನಗೇನು ತಂದಿರುವೆ ಎಂದು ಕೇಳುತ್ತಾನೆ. ನಾಚಿ ತಲೆತಗ್ಗಿಸಿದವನ ಹರಕು ಬಟ್ಟೆಯ ಗಂಟಿನಿಂದ ಅವಲಕ್ಕಿಯನ್ನು ತಾನೇ ತೆಗೆದುಕೊಳ್ಳುತ್ತಾನೆ. ಕೊಡಬಲ್ಲವನು ಮೊದಲು ಬೇಡಿದನು. ಏನೂ ಇಲ್ಲದವನನ್ನೂ ದಾನಿಯನ್ನಾಗಿಸಿದ್ದು ಆ ಸ್ನೇಹದ ಹಿರಿಮೆ.

ದೂರದೇಶದ ಇನ್ನೊಂದು ನಿದರ್ಶನವಿದೆ. ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮನು 1776ರಲ್ಲಿ ಗುಣವಾಗದ ಉದರವ್ಯಾಧಿಯಿಂದ ನರಳುತ್ತಿದ್ದನು. ಆತನು ಧರ್ಮಶ್ರದ್ಧೆಯುಳ್ಳವನಲ್ಲ, ಆದರೂ ಅವನ ಕಡೆಯ ದಿನಗಳು ಆಸ್ತಿಕರಿಗೂ ಪಾಠ ಕಲಿಸಬಲ್ಲವು. ಹಳೆಯ ಗೆಳೆಯನಾದ ಅರ್ಥಶಾಸ್ತ್ರಜ್ಞ ಆ್ಯಡಮ್ ಸ್ಮಿತ್‌ನು ಅವನ ಉತ್ಸಾಹವನ್ನು ಕಂಡು, ಇನ್ನೂ ಆಸೆಯಿದೆ ಎಂಬರ್ಥದ ಮಾತನಾಡಿದಾಗ, ಆ ಆಸೆಗೆ ಆಧಾರವಿಲ್ಲವೆಂದು ಹ್ಯೂಮನೇ ಶಾಂತವಾಗಿ ತಿದ್ದಿದನು. ಮುಂದೆ ಆಪ್ತರ ಮಾತುಕತೆಯೂ ಆಯಾಸ ತರುವಷ್ಟು ಅವನು ಕೃಶನಾದಾಗ, ಬೇಕೆನಿಸಿದ ಕ್ಷಣ ಹೇಳಿಕಳುಹಿಸಬೇಕೆಂಬ ಮಾತಿನ ಮೇಲೆ ಸ್ಮಿತ್‌ನು ಎಡಿನ್‌ಬರೋದಿಂದ ಹೊರಟನು. ಅದೇ ಆಗಸ್ಟ್ 25ರಂದು ಹ್ಯೂಮನು ತೀರಿಕೊಂಡನು. ಹೋಗುವುದು ಹೇಗೆ ಧರ್ಮವೋ, ಯಾವಾಗ ಏಳಬೇಕೆಂದು ಅರಿಯುವುದೂ ಹಾಗೆಯೇ ಧರ್ಮ. 'ನಿನಗೇನೂ ಆಗಿಲ್ಲ' ಎಂಬ ಸುಳ್ಳು ಸಮಾಧಾನವಾದರೋ, ಬಲ್ಲವನನ್ನು ಅವನ ಅರಿವಿನೊಡನೆ ಒಂಟಿಯಾಗಿ ಬಿಟ್ಟುಬಿಡುತ್ತದೆ.

ಈಗ ಧರ್ಮರಾಯನ ಉತ್ತರಕ್ಕೆ ಮರಳೋಣ. ಸಾಯಲಿರುವವನಿಗೆ ದಾನವೇ ಮಿತ್ರನಾದರೆ, ಆ ದಾನವನ್ನು ಸ್ವೀಕರಿಸುವವನೊಬ್ಬನು ಬೇಕಷ್ಟೆ? ಹಾಸಿಗೆ ಹಿಡಿದವನಿಂದ ಲೋಕವು ಏನನ್ನೂ ನಿರೀಕ್ಷಿಸುವುದಿಲ್ಲ. ಮಾತ್ರೆ, ಹಣ್ಣು, ಕನಿಕರ ಎಲ್ಲವನ್ನೂ ಅವನಿಗೆ ಕೊಡುವವರೇ. ಹಳೆಯ ಗೆಳೆಯನು ಮಾತ್ರ ಅವನಿಂದ ಪಡೆಯಬಲ್ಲನು: ಬಾಲ್ಯದ ಒಂದು ನೆನಪು, ಮಗನಿಗೆ ತಿಳಿಸಬೇಕಾದ ಒಂದು ಮಾತು, ಒಂದು ನಗೆ. ಕ್ಷಮೆಯೂ ಅಂತಹದೇ ದಾನ. ಅದನ್ನು ಸಾಲ ವಸೂಲಿ ಮಾಡುವಂತೆ ಕೇಳಬಾರದು. 'ಅಂದು ನನ್ನದು ತಪ್ಪಾಯಿತು' ಎಂದೊಮ್ಮೆ ಹೇಳಿ ಸುಮ್ಮನಿರಬೇಕು. ಕೊಟ್ಟರೆ ಪ್ರಸಾದವೆಂದು ಸ್ವೀಕರಿಸಬೇಕು. ಕೊಡದಿದ್ದರೆ ಅದೂ ಅವನ ಹಕ್ಕೆಂದು ತಲೆಬಾಗಬೇಕು. ಹೋದವನ ಉದ್ದೇಶ ಪೂರ್ಣ ಶುದ್ಧವಾಗಿರದೆ ಇರಬಹುದು. ಆದರೆ ಶುದ್ಧಿಗಾಗಿ ಕಾಯುತ್ತ ಮನೆಯಲ್ಲೇ ಉಳಿದವನಿಗಿಂತ, ಅರೆಮನಸ್ಸಿನಿಂದಲಾದರೂ ಹೋಗಿ ಪಕ್ಕದಲ್ಲಿ ಕುಳಿತವನೇ ಮೇಲು.

ವಿಜಯದಶಮಿಯಂದು ಉತ್ತರ ಕರ್ನಾಟಕದಲ್ಲಿ ಬನ್ನಿಯ ಎಲೆಯನ್ನು ಬಂಗಾರವೆಂದು ವಿನಿಮಯ ಮಾಡಿಕೊಳ್ಳುವ ಸಂಪ್ರದಾಯವಿದೆ; ಮಹಾರಾಷ್ಟ್ರದಲ್ಲಿ ಆಪಟೆಯ ಎಲೆಗೆ ಅದೇ ಗೌರವ. ಮಾತು ಬಿಟ್ಟವರೂ ಅಂದು ಹೊಸ್ತಿಲು ದಾಟಿ ಬರುವುದುಂಟು. ಎಲೆಯು ಎಲೆಯೇ, ಅದನ್ನು ಬಂಗಾರವಾಗಿಸುವುದು ಕೊಡುವ ಕೈಯೂ ಕೊಳ್ಳುವ ಕೈಯೂ ಸೇರಿ. ಆದರೆ ಎಲ್ಲರ ಆಯುಷ್ಯವೂ ಮುಂದಿನ ದಸರೆಯವರೆಗೆ ಇರುವುದೆಂಬ ಭರವಸೆಯಿಲ್ಲ. ಮನಸ್ಸಿನಲ್ಲಿ ಹೆಸರೊಂದು ಮೂಡಿದವರಿಗೆ, ಮುಹೂರ್ತ ನೋಡದೆ ಇಂದೇ ಹೊರಡುವ ಧೈರ್ಯವನ್ನು ಜಗನ್ಮಾತೆಯು ಕರುಣಿಸಲಿ.