ಅಂದದ ವಾಹನ, ಅಹಂಕಾರದ ಕಣ್ಣು

ತಾನು ಏರುವ ವಾಹನದ ಬಗ್ಗೆ ಮನುಷ್ಯ ಮಾತಾಡದೆ ಇದ್ದ ಕಾಲವಿಲ್ಲ. ಹಿಂದೆ ಕುದುರೆಯ ಮೈಬಣ್ಣ, ಒಂಟೆಯ ನಡಿಗೆ ಚರ್ಚೆಯ ವಿಷಯವಾಗಿದ್ದವು. ಇಂದು ಕಾರಿನ ಮೂತಿ, ಎತ್ತರ, ಉದ್ದ ಆ ಸ್ಥಾನಕ್ಕೆ ಬಂದಿವೆ. ಪಡುಬಿದ್ರಿ–ಕಾರ್ಕಳ ರಸ್ತೆಯ ಬೆಳ್ಮಣ್ ಪೇಟೆಯಲ್ಲಿ ಸ್ವಲ್ಪ ಹೊತ್ತು ನಿಂತರೂ ಸಾಕು, ಇಂತಹ ತೀರ್ಪುಗಳು ಕಿವಿಗೆ ಬೀಳುತ್ತವೆ. “ಅದೊಂದು ಕಾರೇ? ಡಬ್ಬ!” “ಕಾರೆಂದರೆ ಅಂಬಾಸಿಡರ್, ಈಗಿನದೆಲ್ಲ ತಗಡು.” “ದೊಡ್ಡ ಗಾಡಿ ಇಲ್ಲದಿದ್ದರೆ ಮರ್ಯಾದೆ ಎಲ್ಲಿದೆ?”

ಈ ಮಾತುಗಳಲ್ಲಿ ತಪ್ಪೇನಿದೆ? ಅಂದವಾದುದನ್ನು ಮೆಚ್ಚುವುದು, ಅಂದವಿಲ್ಲದ್ದನ್ನು ಮೆಚ್ಚದಿರುವುದು ಮನುಷ್ಯನ ಸಹಜ ಸ್ವಭಾವವಲ್ಲವೇ?

ಖಂಡಿತವಾಗಿಯೂ ಸಹಜ. ಇಸ್ಲಾಮ್ ಈ ಸ್ವಭಾವವನ್ನು ಹತ್ತಿಕ್ಕುವುದಿಲ್ಲ. ಕುದುರೆ, ಹೇಸರಗತ್ತೆ, ಕತ್ತೆಗಳನ್ನು ಸವಾರಿಗಾಗಿ ಸೃಷ್ಟಿಸಿದ್ದನ್ನು ಪವಿತ್ರ ಕುರ್‌ಆನಿನ ಅನ್ನಹ್ಲ್ ಅಧ್ಯಾಯವು ನೆನಪಿಸುವಾಗ, ಸವಾರಿಯ ಜೊತೆಗೆ ಶೋಭೆಯನ್ನೂ ಹೇಳುತ್ತದೆ. ತನ್ನ ಉಡುಪು, ಪಾದರಕ್ಷೆ ಚೆನ್ನಾಗಿರಬೇಕೆಂದು ಬಯಸುವುದು ಅಹಂಕಾರವಾಗುತ್ತದೆಯೇ ಎಂಬ ವಿಚಾರ ಪ್ರವಾದಿವರ್ಯರ(ಸ) ಮುಂದೆ ಬಂದಾಗ, ಅಲ್ಲಾಹನು ಸುಂದರನು, ಸೌಂದರ್ಯವನ್ನು ಮೆಚ್ಚುವವನು ಎಂದು ಅವರು ತಿಳಿಸಿದರು. ಸತ್ಯವನ್ನು ತಿರಸ್ಕರಿಸುವುದು ಮತ್ತು ಜನರನ್ನು ಕೀಳಾಗಿ ಕಾಣುವುದೇ ಅಹಂಕಾರವೆಂದೂ ವಿವರಿಸಿದರು. ಸಹೀಹ್ ಮುಸ್ಲಿಮ್‌ನಲ್ಲಿರುವ ಈ ಹದೀಸ್ ನಮಗೊಂದು ಸ್ಪಷ್ಟ ಗೆರೆ ಎಳೆದುಕೊಡುತ್ತದೆ. ನೋಟ ಕಾರಿನ ಮೇಲಿರುವ ತನಕ ಅದು ಅಭಿರುಚಿ. ಅದೇ ನೋಟ ಕಾರಿನಿಂದ ಇಳಿಯುವ ಮನುಷ್ಯನನ್ನು ಅಳೆಯತೊಡಗಿದರೆ ಅದು ಅಹಂಕಾರ.

ನಾವು ‘ಕುರೂಪ’ ಎಂದು ನಗುವ ವಾಹನಗಳನ್ನೇ ನೋಡೋಣ. ಹಿಂಭಾಗ ಕತ್ತರಿಸಿದಂತೆ ಕಾಣುವ ಸಣ್ಣ ಕಾರುಗಳನ್ನು ಕಂಡು ಕಾರುಪ್ರಿಯರು ಮೂಗು ಮುರಿಯುತ್ತಾರೆ. ಆದರೆ ಆ ಆಕಾರಕ್ಕೊಂದು ಕಾರಣವಿದೆ. 2006ರ ಕೇಂದ್ರ ಬಜೆಟ್‌ನಲ್ಲಿ, 4 ಮೀಟರಿಗಿಂತ ಗಿಡ್ಡವಾದ, ಸಣ್ಣ ಇಂಜಿನಿನ ಕಾರುಗಳ ಅಬಕಾರಿ ಸುಂಕವನ್ನು ಶೇ. 24ರಿಂದ 16ಕ್ಕೆ ಇಳಿಸಲಾಯಿತು. ಕಂಪೆನಿಗಳು ಆ ಅಳತೆಯೊಳಗೆ ಕೂರಿಸಲು ಡಿಕ್ಕಿಯನ್ನು ಮೊಟಕುಗೊಳಿಸಿದವು. 2008ರ ಟಾಟಾ ಇಂಡಿಗೊ ಸಿಎಸ್, 2012ರ ಮಾರುತಿ ಡಿಜೈರ್ ಹೀಗೆ ಬಂದವು. ಕಣ್ಣಿಗೆ ಅಂದವಿಲ್ಲದ ಆ ಮೋಟು ಬಾಲದಿಂದಲೇ ಸಾಧಾರಣ ಕುಟುಂಬದವರ ಕೈಗೆ ಕಡಿಮೆ ಬೆಲೆಯ ಕಾರು ಸಿಕ್ಕಿತು.

ನ್ಯಾನೊದ ಕಥೆ ಇನ್ನೂ ದೊಡ್ಡ ಪಾಠ. ಒಂದೇ ಸ್ಕೂಟರಿನಲ್ಲಿ ಇಡೀ ಕುಟುಂಬ ಅಪಾಯದಲ್ಲಿ ಸಾಗುವುದನ್ನು ಕಂಡು ರತನ್ ಟಾಟಾ ಅವರಿಗೆ ಆ ಕಾರಿನ ಯೋಚನೆ ಹೊಳೆಯಿತು. ಒಂದು ಲಕ್ಷ ರೂಪಾಯಿಯ ಕಾರೆಂದು 2009ರಲ್ಲಿ ಅದು ರಸ್ತೆಗಿಳಿಯಿತು. ಸಿಂಗೂರಿನಿಂದ ಕಾರ್ಖಾನೆ ಸ್ಥಳಾಂತರವಾದದ್ದು, ಕೆಲವು ಕಾರುಗಳಿಗೆ ಬೆಂಕಿ ಹತ್ತಿದ್ದು ಅದಕ್ಕೆ ಹೊಡೆತ ಕೊಟ್ಟಿತು, ನಿಜ. ಆದರೆ ‘ಅತಿ ಅಗ್ಗದ ಕಾರು’ ಎಂಬ ಹಣೆಪಟ್ಟಿಯೂ ಅದನ್ನು ಕಾಡಿತೆಂದು ಟಾಟಾ ಅವರೇ ಹೇಳಿದ್ದರು. 2018ರ ಹೊತ್ತಿಗೆ ಅದರ ತಯಾರಿಕೆ ನಿಂತಿತು. ಮಳೆಯಲ್ಲಿ ಮಕ್ಕಳನ್ನು ನೆನೆಯಗೊಡದ ಕಾರಿಗೆ ನಾಚಿದ ನಾವು, ಮಕ್ಕಳನ್ನು ನೆನೆಸುವ ಸ್ಕೂಟರಿಗೆ ನಾಚಲಿಲ್ಲ!

‘ಡಬ್ಬ’ವೆಂದು ಹೀಗಳೆದ ಇನ್ನೊಂದು ವಾಹನ ಮಾರುತಿ ಓಮ್ನಿ. 1984ರಿಂದ 2019ರವರೆಗೆ ತಯಾರಾದ ಅದು ನಮ್ಮೂರುಗಳಲ್ಲಿ ಶಾಲಾ ಮಕ್ಕಳನ್ನು ಒಯ್ದಿದೆ, ನಡುರಾತ್ರಿ ಮಣಿಪಾಲದ ಆಸ್ಪತ್ರೆಗೆ ರೋಗಿಗಳನ್ನು ಮುಟ್ಟಿಸಿದೆ, ಮಯ್ಯಿತ್ ಸಾಗಿಸಿದೆ. ಹೆರಿಗೆ ನೋವಿನಲ್ಲಿರುವವಳಿಗೆ ಬಾಗಿಲು ತೆರೆದ ವಾಹನದ ಅಂದವನ್ನು ಯಾವ ಕಣ್ಣಿನಿಂದ ನೋಡಬೇಕು?

ಹಳೆಯ ಕಾರುಗಳ ವಿಷಯವೂ ಚಿಂತನಾರ್ಹ. ಅಂಬಾಸಿಡರ್ ತಯಾರಾಗುತ್ತಿದ್ದ ದಿನಗಳಲ್ಲಿ ಅದನ್ನು ಹಳಸಲು ಮಾದರಿಯೆಂದು ಜರೆದವರು ಎಷ್ಟೋ ಮಂದಿ. 2014ರ ಮೇ ತಿಂಗಳಲ್ಲಿ ಉತ್ತರಪಾರಾದ ಕಾರ್ಖಾನೆ ನಿಂತ ಮೇಲೆ ಅದು ‘ರಾಜಗಾಂಭೀರ್ಯ’ದ ಕಾರಾಯಿತು. ಪದ್ಮಿನಿ ಟ್ಯಾಕ್ಸಿಯ ಇಕ್ಕಟ್ಟನ್ನು ಶಪಿಸುತ್ತಿದ್ದ ಮುಂಬಯಿ, 2023ರ ಅಕ್ಟೋಬರ್ 30ರಂದು ಅದು ರಸ್ತೆ ಬಿಟ್ಟಾಗ ಭಾವುಕವಾಯಿತು. 50 ವರ್ಷ ದಾಟಿದ ವಾಹನಗಳಿಗೆ 2021ರಲ್ಲಿ ಸರಕಾರ ಪ್ರತ್ಯೇಕ ನೋಂದಣಿಯನ್ನೂ ತಂದಿತು. ಹಿರಿಯರ ನೆನಪನ್ನು ಜೋಪಾನ ಮಾಡುವುದು ಒಳ್ಳೆಯದೇ. ಆದರೆ ನಿನ್ನೆಯ ಕುರೂಪ ಇಂದಿನ ಸೌಂದರ್ಯವಾಗುವುದಾದರೆ, ತಲೆಮಾರಿಗೊಮ್ಮೆ ಬದಲಾಗುವ ಇಂತಹ ಅಳತೆಗೋಲಿನಿಂದ ಒಬ್ಬ ಮನುಷ್ಯನ ಯೋಗ್ಯತೆಯನ್ನು ಅಳೆಯುವುದು ಎಷ್ಟು ಸರಿ?

ಇನ್ನು ದೊಡ್ಡ ವಾಹನಗಳು. ಎಂಟು ಮಂದಿಯ ಕುಟುಂಬಕ್ಕೆ ದೊಡ್ಡ ಗಾಡಿ ಬೇಕು. ನಮ್ಮ ಮಳೆಗಾಲದ ಹೊಂಡಗಳಿಗೆ ಎತ್ತರದ ಗಾಡಿ ಅನುಕೂಲ. ಇದನ್ನು ಆಡಂಬರವೆನ್ನುವುದು ಅನ್ಯಾಯವಾದೀತು. ಆದರೆ ಗಾತ್ರಕ್ಕೆ ಇನ್ನೊಬ್ಬರು ತೆರುವ ಬೆಲೆಯೂ ಇದೆ. ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆಯೊಂದು 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮುಂಭಾಗ 40 ಇಂಚಿಗಿಂತ ಎತ್ತರವಿರುವ ವಾಹನ ಬಡಿದಾಗ ಪಾದಚಾರಿ ಸಾಯುವ ಸಂಭವ, 30 ಇಂಚಿನೊಳಗಿನ ಇಳಿಜಾರು ಮೂತಿಯ ಕಾರಿಗೆ ಹೋಲಿಸಿದರೆ ಸುಮಾರು ಶೇ. 45ರಷ್ಟು ಹೆಚ್ಚು. ರಸ್ತೆಯಂಚಿನಲ್ಲಿ ಮದ್ರಸಕ್ಕೆ ನಡೆದುಹೋಗುವ ಪುಟ್ಟ ಮಗುವಿನ ತಲೆ ಆ ಮೂತಿಗಿಂತ ಹೆಚ್ಚು ಮೇಲಿರುವುದಿಲ್ಲ. ಎತ್ತರದಲ್ಲಿ ಕೂತವನ ಹೊಣೆಯೂ ಅಷ್ಟೇ ಎತ್ತರದ್ದು.

ಈ ಅಭಿರುಚಿಯ ಮಾತುಗಳು ಅತ್ಯಂತ ಕ್ರೂರವಾಗುವುದು ಮದುವೆ ಮನೆಗಳಲ್ಲಿ. “ನಾವೇನೂ ಕೇಳುವುದಿಲ್ಲ, ಆದರೆ ಈಗಿನ ಹುಡುಗರು ಆ ಸಣ್ಣ ಕಾರಿನಲ್ಲಿ ಹೋಗಲು ಇಷ್ಟಪಡುವುದಿಲ್ಲ” ಎಂದು ವರನ ಕಡೆಯವರು ಚಹಾ ಕುಡಿಯುತ್ತಾ ಆಡುವ ಹಗುರ ಮಾತು, ವಧುವಿನ ತಂದೆಯ ಪಾಲಿಗೆ ಬಡ್ಡಿಯ ಸಾಲವಾಗುತ್ತದೆ. ಗಲ್ಫ್‌ನಲ್ಲಿ ದುಡಿಯುವ ಅಣ್ಣ ಊರಿಗೆ ಮರಳುವುದು ಇನ್ನೂ ಎರಡು ವರ್ಷ ಮುಂದೆ ಹೋಗುತ್ತದೆ. ಮಹರ್ ಕೊಡಬೇಕಾದವನು ಕಾರು ಪಡೆಯುತ್ತಾನೆ! 1961ರ ಕಾನೂನು ವರದಕ್ಷಿಣೆಯನ್ನು ನಿಷೇಧಿಸಿದೆ, ಶರೀಅತ್ ಮೊದಲೇ ಆ ಹೊರೆಯನ್ನು ವರನ ಹೆಗಲಿಗೆ ಹಾಕಿದೆ. ಆದರೂ ‘ಅಂದವಿಲ್ಲ’, ‘ಸಣ್ಣದು’ ಎಂಬ ಎರಡು ಪದಗಳು ಇವೆರಡನ್ನೂ ದಾಟಿಬಿಡುತ್ತವೆ.

ಕುದುರೆಯ ಒಡೆಯರನ್ನು ಪ್ರವಾದಿವರ್ಯರು(ಸ) ಮೂರು ಬಗೆಯವರೆಂದು ವಿಂಗಡಿಸಿದ್ದರು. ಒಬ್ಬನಿಗೆ ಅವನ ಕುದುರೆ ಪ್ರತಿಫಲ, ಇನ್ನೊಬ್ಬನಿಗೆ ಅದು ಅಗತ್ಯದ ಆಸರೆ, ಪ್ರದರ್ಶನಕ್ಕಾಗಿ ಮತ್ತು ಗರ್ವಕ್ಕಾಗಿ ಕಟ್ಟಿಕೊಂಡ ಮೂರನೆಯವನಿಗೆ ಅದು ಪಾಪದ ಹೊರೆ. ಕುದುರೆಯ ತಳಿ, ಬಣ್ಣ, ಗಾತ್ರ ಈ ವಿಂಗಡಣೆಯಲ್ಲಿ ಬರುವುದೇ ಇಲ್ಲ. ಹೆಚ್ಚುವರಿ ಸವಾರಿಯಿರುವವನು ಅದನ್ನು ಸವಾರಿಯಿಲ್ಲದವನಿಗೆ ಕೊಡಲಿ ಎಂದೂ ಅವರು ಬೋಧಿಸಿದ್ದಾರೆ. ಏಳು ಸೀಟಿನ ಗಾಡಿಯಲ್ಲಿ ಒಬ್ಬನೇ ಹೋಗುತ್ತಾ, ಬಸ್ಸು ತಪ್ಪಿ ಮಳೆಯಲ್ಲಿ ನಿಂತ ನೆರೆಯವನನ್ನು ದಾಟಿಹೋಗುವವನು ಈ ಮಾತನ್ನು ಒಮ್ಮೆ ನೆನೆಯಲಿ.

ಕಾರನ್ನು ಪ್ರೀತಿಸಿ, ತೊಳೆದು ಹೊಳಪಿಡಿ, ಹಳೆಯದನ್ನು ಉಳಿಸಿಕೊಳ್ಳಿ, ಅಗತ್ಯವಿದ್ದರೆ ದೊಡ್ಡದನ್ನೇ ಕೊಳ್ಳಿ. ಹಲಾಲ್ ಸಂಪಾದನೆಯಿಂದ, ಸಾಮರ್ಥ್ಯದೊಳಗೆ ಕೊಂಡದ್ದಕ್ಕೆ ಯಾರಿಗೂ ಸಮಜಾಯಿಷಿ ಕೊಡಬೇಕಾಗಿಲ್ಲ. ಆದರೆ ಇನ್ನೊಬ್ಬರ ಅಂಗಳದಲ್ಲಿ ನಿಂತ ಗಾಡಿಯ ಕುರಿತು ನಾಲಿಗೆ ಸಡಿಲಿಸುವ ಮುನ್ನ, ನಮ್ಮ ಗಾಡಿ ಆ ಮೂವರಲ್ಲಿ ಯಾರ ಕುದುರೆ ಎಂದು ಕೇಳಿಕೊಳ್ಳೋಣ. ವಾಹನದ ಕೀಲಿಯನ್ನು ಒಂದು ದಿನ ಮಕ್ಕಳಿಗೆ ಒಪ್ಪಿಸಿ ಹೋಗುತ್ತೇವೆ. ಅದರ ಲೆಕ್ಕ ಮಾತ್ರ ನಮ್ಮ ಜೊತೆಗೇ ಬರುತ್ತದೆ.