ಸ್ವಕರ್ಮವೇ ಪೂಜೆ: ಅದಮಾರಿನ ಉಡುಪಿ ರಾಮಚಂದ್ರ ರಾಯರ ಸ್ಮರಣೆ

॥ ಶ್ರೀ ಗುರುಭ್ಯೋ ನಮಃ ॥

(ವಿಜಯದಶಮಿಯ ಪ್ರವಚನ)



ವಿಜಯದಶಮಿಯು ನಮಗೆ ಎರಡು ವಿಧದಿಂದ ಪರ್ವದಿನವಾಗಿದೆ. ಒಂಬತ್ತು ರಾತ್ರಿಗಳ ಆರಾಧನೆಯು ಪೂರ್ಣಗೊಂಡು ಜಗನ್ಮಾತೆಯ ವಿಜಯವನ್ನು ಕೊಂಡಾಡುವ ದಿನವಿದು. ಶ್ರೀಮದಾನಂದತೀರ್ಥ ಭಗವತ್ಪಾದಾಚಾರ್ಯರು ಪಾಜಕ ಕ್ಷೇತ್ರದಲ್ಲಿ ಅವತರಿಸಿದ ದಿನವೆಂದು ನಾವು ಮಧ್ವಜಯಂತಿಯನ್ನು ಆಚರಿಸುವುದೂ ಇಂದೇ. ಉಡುಪಿಯ ಸುತ್ತಲೂ ಕಡಿಯಾಳಿ, ಬೈಲೂರು, ಕನ್ನರ್ಪಾಡಿ, ಪುತ್ತೂರುಗಳೆಂಬ ನಾಲ್ಕೆಡೆಗಳಲ್ಲಿ ದುರ್ಗೆಯು ನೆಲೆಸಿ ಕ್ಷೇತ್ರವನ್ನು ಕಾಯುತ್ತಿದ್ದಾಳೆ. ಅವುಗಳಲ್ಲಿ ಕಡಿಯಾಳಿಯ ಮಹಿಷಮರ್ದಿನಿಯ ಸನ್ನಿಧಿಯಲ್ಲಿ ನವರಾತ್ರಿಯ ದರ್ಶನ ಪಡೆದ ನಾವು ಇಂದು ಒಂದು ಪ್ರಶ್ನೆಯನ್ನು ಚಿಂತಿಸೋಣ.

ನಮ್ಮ ಮನೆಗಳಲ್ಲಿ ಹಿರಿಯರು ಆಗಾಗ ನೊಂದು ನುಡಿಯುವ ಮಾತೊಂದುಂಟು: “ಮಗ ವಿಜ್ಞಾನವನ್ನು ಓದಿದ, ಪರದೇಶವನ್ನು ಸೇರಿದ. ಇನ್ನು ಸಂಧ್ಯಾವಂದನೆಯೇನು, ದೇವರಪೂಜೆಯೇನು!” ಕಿರಿಯರ ಮನಸ್ಸಿನಲ್ಲಿಯೂ ಒಂದು ಸಂಶಯವುಂಟು: “ಪ್ರಯೋಗಶಾಲೆಯಲ್ಲಿ ಎಲ್ಲವನ್ನೂ ಪರೀಕ್ಷಿಸಿಯೇ ಒಪ್ಪುವ ನಾನು ದೇವರಮನೆಗೆ ಬಂದಾಗ ಬುದ್ಧಿಯನ್ನು ಹೊರಗಿಟ್ಟು ಬರಬೇಕೆ?” ಹೀಗೆ ಹಿರಿಯರ ಅಳಲು ಒಂದು ಕಡೆ, ಕಿರಿಯರ ಸಂಶಯ ಇನ್ನೊಂದು ಕಡೆ. ಎರಡರ ನಡುವೆ ಒಂದೇ ಮನೆಯಲ್ಲಿ ಮೌನದ ಗೋಡೆಯೊಂದು ಏಳುತ್ತದೆ. ಈ ಗೋಡೆ ನಮ್ಮ ಸಿದ್ಧಾಂತ ಕಟ್ಟಿದ್ದೆ, ಅಥವಾ ನಮ್ಮ ಅಜ್ಞಾನ ಕಟ್ಟಿದ್ದೆ? ಇದನ್ನು ತಿಳಿಯಲು ನಮ್ಮ ನೆಲದಲ್ಲಿಯೇ ಹುಟ್ಟಿದ ವಿಜ್ಞಾನಿಯೊಬ್ಬರ ಜೀವನವನ್ನು ಸ್ಮರಿಸೋಣ.

ಅಷ್ಟಮಠಗಳಲ್ಲೊಂದಕ್ಕೆ ಹೆಸರನ್ನಿತ್ತ ಅದಮಾರು ಗ್ರಾಮದಲ್ಲಿ 1932ರ ಮಾರ್ಚ್ 10ರಂದು ಲಕ್ಷ್ಮೀನಾರಾಯಣ ಆಚಾರ್ಯ ಮತ್ತು ಕೃಷ್ಣವೇಣಿ ಅಮ್ಮ ದಂಪತಿಗಳಿಗೆ ಜನಿಸಿದವರು ರಾಮಚಂದ್ರ ರಾಯರು. ಸಾಧಾರಣ ಕುಟುಂಬ. ಊರಿನ ಶಾಲೆಯಲ್ಲಿ ಅಕ್ಷರಾಭ್ಯಾಸವಾಯಿತು. ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ ಪ್ರೌಢಶಿಕ್ಷಣವಾಯಿತು. ಮುಂದೆ ಬಳ್ಳಾರಿ, ಅನಂತಪುರ, ಕಾಶಿಗಳಲ್ಲಿ ವಿದ್ಯೆ ಮುಂದುವರಿಯಿತು. ಅಹಮದಾಬಾದಿನಲ್ಲಿ ಡಾ. ವಿಕ್ರಮ್ ಸಾರಾಭಾಯಿಯವರ ಮಾರ್ಗದರ್ಶನದಲ್ಲಿ ವಿಶ್ವಕಿರಣಗಳ ಸಂಶೋಧನೆ ನಡೆಸಿ 1960ರಲ್ಲಿ ಡಾಕ್ಟರೇಟ್ ಪಡೆದರು. ಅನಂತರ ಅಮೆರಿಕೆಯಲ್ಲಿ ಸಂಶೋಧನೆಗೆ ತೊಡಗಿ, ಮ್ಯಾರಿನರ್-2 ವ್ಯೋಮನೌಕೆ ಕಳುಹಿಸಿದ ಅಳತೆಗಳನ್ನು ಪರಿಶೀಲಿಸಿ, ಸೂರ್ಯನಿಂದ ಹೊರಹೊಮ್ಮುವ ಸೌರಮಾರುತವು ಎಡೆಬಿಡದೆ ಹರಿಯುತ್ತಿರುವುದನ್ನೂ ಅದು ಭೂಮಿಯ ಕಾಂತಕ್ಷೇತ್ರದ ಮೇಲೆ ಬೀರುವ ಪ್ರಭಾವವನ್ನೂ ತೋರಿಸಿಕೊಟ್ಟರು. ಅಲ್ಲಿ ಅಧ್ಯಾಪಕ ಪದವಿಯಿತ್ತು, ಸೌಕರ್ಯವಿತ್ತು. ಆದರೂ 1966ರಲ್ಲಿ ಸ್ವದೇಶಕ್ಕೆ ಮರಳಿದರು.

ಸಾರಾಭಾಯಿಯವರು 1971ರ ಡಿಸೆಂಬರಿನಲ್ಲಿ ಅಗಲಿದ ಬಳಿಕ, ದೇಶದ ಪ್ರಥಮ ಉಪಗ್ರಹವನ್ನು ನಿರ್ಮಿಸುವ ಹೊಣೆ ರಾಯರ ಮೇಲೆ ಬಂದಿತು. ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳೇ ಅವರ ಕಾರ್ಯಕ್ಷೇತ್ರ. ಜೊತೆಗಾರರಲ್ಲಿ ಹೆಚ್ಚಿನವರು ಎಂದೂ ಉಪಗ್ರಹವನ್ನು ಕಟ್ಟಿರದ ತರುಣರು. ಅಲ್ಲಿ ಸಿದ್ಧವಾದ ಸುಮಾರು 360 ಕಿಲೋಗ್ರಾಂ ತೂಕದ ‘ಆರ್ಯಭಟ’ವು 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಗಗನಕ್ಕೇರಿತು. ಕೆಲವೇ ದಿನಗಳಲ್ಲಿ ವಿದ್ಯುತ್ತಿನ ತೊಂದರೆಯಿಂದ ಅದರೊಳಗಿನ ವೈಜ್ಞಾನಿಕ ಪ್ರಯೋಗಗಳು ನಿಂತುಹೋದುದೂ ಉಂಟು. ಆದರೆ ಉಪಗ್ರಹವನ್ನು ಕಟ್ಟುವ ವಿದ್ಯೆ ನಮ್ಮದಾಯಿತು. 1979ರಲ್ಲಿ ‘ಭಾಸ್ಕರ’, 1981ರಲ್ಲಿ ‘ಆಪಲ್’, 1988ರಲ್ಲಿ ದೂರಸಂವೇದಿ ಉಪಗ್ರಹ ಐ.ಆರ್.ಎಸ್.-1ಎ ಒಂದರ ಹಿಂದೆ ಒಂದಾಗಿ ಬಂದವು. ‘ಆಪಲ್’ ಉಪಗ್ರಹವನ್ನು ಪರೀಕ್ಷೆಗಾಗಿ ಎತ್ತಿನಗಾಡಿಯ ಮೇಲಿರಿಸಿದ ಚಿತ್ರವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಆಯುಧಪೂಜೆಯಂದು ನೇಗಿಲನ್ನೂ ಯಂತ್ರವನ್ನೂ ಒಂದೇ ಸಾಲಿನಲ್ಲಿರಿಸಿ ಗಂಧಾಕ್ಷತೆಯನ್ನು ಹಚ್ಚುವ ನಮಗೆ ಆ ಚಿತ್ರವು ವಿಚಿತ್ರವೆನಿಸದು.

ಈಗ ಸಿದ್ಧಾಂತದ ಕಡೆಗೆ ಬರೋಣ. ಜಗತ್ತು ಕನಸಲ್ಲ, ಭ್ರಾಂತಿಯಲ್ಲ. ಶ್ರೀಹರಿಯ ಅಧೀನದಲ್ಲಿರುವ ಸತ್ಯವಸ್ತು ಎಂಬುದು ಶ್ರೀಮದಾಚಾರ್ಯರ ಸ್ಪಷ್ಟ ಸಿದ್ಧಾಂತ. ಸುಳ್ಳಾದ ವಸ್ತುವನ್ನು ಅಳೆದು ಯಾರಿಗೇನು ಪ್ರಯೋಜನ? ಜಗತ್ತು ಸತ್ಯವಾಗಿದ್ದರೆ ಮಾತ್ರ ಅದನ್ನು ಅರಿಯುವ ಶ್ರಮಕ್ಕೆ ಅರ್ಥವುಂಟು. ಇನ್ನು ಅರಿಯುವ ಬಗೆ ಯಾವುದು? ಪ್ರತ್ಯಕ್ಷ, ಅನುಮಾನ, ಆಗಮಗಳೆಂಬ ಮೂರು ಪ್ರಮಾಣಗಳನ್ನು ಆಚಾರ್ಯರು ‘ಪ್ರಮಾಣಲಕ್ಷಣ’ದಲ್ಲಿ ನಿರೂಪಿಸಿದರು, ಶ್ರೀ ಜಯತೀರ್ಥರು ‘ಪ್ರಮಾಣಪದ್ಧತಿ’ಯಲ್ಲಿ ಅವನ್ನು ವಿಸ್ತರಿಸಿದರು. ಇಂದ್ರಿಯದಲ್ಲಿ ದೋಷವಿರಬಾರದು, ನೋಡುವ ವಿಷಯದಲ್ಲಿಯೂ ದೋಷವಿರಬಾರದು. ಆಗ ಮಾತ್ರ ಪ್ರತ್ಯಕ್ಷವು ಪ್ರಮಾಣವಾಗುತ್ತದೆ. ಕಾಮಾಲೆಯ ಕಣ್ಣಿಗೆ ಶಂಖವು ಹಳದಿಯಾಗಿ ಕಂಡರೆ ಅದು ಶಂಖದ ತಪ್ಪಲ್ಲ. ವಿಜ್ಞಾನಿಯು ಉಪಕರಣವನ್ನು ಮತ್ತೆ ಮತ್ತೆ ಪರೀಕ್ಷಿಸಿ, ದೋಷವನ್ನು ಕಳೆದು, ಬಳಿಕವೇ ಅಳತೆಯನ್ನು ನಂಬುವುದೂ ಇದೇ ಎಚ್ಚರದಿಂದ.

ನಿರ್ದುಷ್ಟವಾದ ಪ್ರತ್ಯಕ್ಷಕ್ಕೆ ಆಗಮವು ವಿರೋಧವಾಗಿ ನುಡಿಯದು, ಏಕೆಂದರೆ ಪ್ರತ್ಯಕ್ಷವು ಆಗಮಕ್ಕೆ ಉಪಜೀವ್ಯ, ಅರ್ಥಾತ್ ಆಧಾರ. ಗ್ರಂಥವನ್ನು ಓದಲು ಕಣ್ಣು ಬೇಕು, ಉಪದೇಶವನ್ನು ಕೇಳಲು ಕಿವಿ ಬೇಕು. ಕಣ್ಣು ಕಿವಿಗಳೇ ಸುಳ್ಳೆಂದರೆ ಅವುಗಳಿಂದ ಬಂದ ಶಾಸ್ತ್ರಜ್ಞಾನಕ್ಕೆ ನೆಲೆಯೆಲ್ಲಿ? ಆದ್ದರಿಂದ ಮಕ್ಕಳೇ, ದೇವರಮನೆಗೆ ಬರುವಾಗ ಬುದ್ಧಿಯನ್ನು ಹೊರಗಿರಿಸಿರೆಂದು ನಮ್ಮ ಆಚಾರ್ಯರು ಎಂದೂ ಹೇಳಲಿಲ್ಲ.

ಆದರೆ ಪ್ರತಿಯೊಂದು ಪ್ರಮಾಣಕ್ಕೂ ತನ್ನದೇ ಆದ ಎಲ್ಲೆಯುಂಟು. ಸೌರಮಾರುತವನ್ನು ಅಳೆಯುವ ಉಪಕರಣಕ್ಕೆ ಸೂರ್ಯಾಂತರ್ಗತನಾದ ನಾರಾಯಣನು ಗೋಚರಿಸುವುದಿಲ್ಲ. ಉಪಕರಣಕ್ಕೆ ಕಾಣಲಿಲ್ಲವಾದ್ದರಿಂದ ಅವನಿಲ್ಲವೆಂದರೆ, ಕಿವಿಗೆ ಬಣ್ಣ ಕಾಣಲಿಲ್ಲವಾದ್ದರಿಂದ ಬಣ್ಣವೇ ಇಲ್ಲವೆಂದಂತೆ. ಧರ್ಮವನ್ನೂ ಭಗವಂತನನ್ನೂ ತಿಳಿಸತಕ್ಕದ್ದು ಆಗಮ. ಉಪಗ್ರಹದ ಪಥವನ್ನು ತಿಳಿಸತಕ್ಕದ್ದು ವೀಕ್ಷಣೆ ಮತ್ತು ಗಣಿತ. ಈ ಎಲ್ಲೆಗಳನ್ನು ಅರಿತವನಿಗೆ ಎರಡರ ನಡುವೆ ಕಲಹವಿಲ್ಲ. ಭಗವಂತನ ಮಹಿಮೆಯನ್ನು ಅರಿತು ಹುಟ್ಟುವ ದೃಢವಾದ ಪ್ರೀತಿಯೇ ಭಕ್ತಿಯೆಂದು ನಮ್ಮ ಶಾಸ್ತ್ರವು ಹೇಳುತ್ತದೆ. ಹಾಗಿದ್ದಲ್ಲಿ ಅವನ ಸೃಷ್ಟಿಯ ವಿಸ್ತಾರವನ್ನು ತಿಳಿಸುವ ವಿದ್ಯೆಯು ಭಕ್ತಿಗೆ ಮೆಟ್ಟಿಲಾಗಬೇಕಲ್ಲದೆ ಅಡ್ಡಿಯಾಗಲು ಕಾರಣವಿಲ್ಲ.

ಒಬ್ಬರ ಅಂತರಂಗದ ಭಕ್ತಿಯನ್ನು ಬಲ್ಲವನು ಅಂತರ್ಯಾಮಿಯೊಬ್ಬನೇ. ಅದನ್ನು ತೂಗುವುದು ನಮ್ಮ ಅಧಿಕಾರವಲ್ಲ. ಲೋಕಕ್ಕೆ ಕಾಣುವುದು ಕರ್ಮ. ತನ್ನ ಪಾಲಿಗೆ ಬಂದ ಕರ್ಮವನ್ನು ಭಗವಂತನ ಪೂಜೆಯೆಂದು ಮಾಡಿ ಫಲವನ್ನು ಅವನಿಗೊಪ್ಪಿಸಬೇಕೆಂಬುದು ಗೀತೆಯ ಉಪದೇಶ. ರಾಮಚಂದ್ರ ರಾಯರು 1984ರಿಂದ 1994ರವರೆಗೆ ಇಸ್ರೋ ಸಂಸ್ಥೆಯ ಅಧ್ಯಕ್ಷರಾಗಿದ್ದ ದಶಕವನ್ನು ನೋಡಿರಿ. ಎ.ಎಸ್.ಎಲ್.ವಿ. ರಾಕೆಟ್ಟು 1987ರಲ್ಲಿ ವಿಫಲವಾಯಿತು; 1988ರಲ್ಲಿ ಮತ್ತೊಮ್ಮೆ ವಿಫಲವಾಯಿತು. ದೇಶವೆಲ್ಲ ನೋಡುತ್ತಿರುವಾಗ ವರ್ಷಗಳ ದುಡಿಮೆ ಕಡಲಪಾಲಾಯಿತು. ದೋಷವನ್ನು ಹುಡುಕಿ ತಿದ್ದಿದರು. 1992ರಲ್ಲಿ ಅದು ಕಕ್ಷೆಯನ್ನು ಸೇರಿತು. ಪಿ.ಎಸ್.ಎಲ್.ವಿ.ಯ ಮೊದಲ ಯತ್ನವೂ 1993ರ ಸೆಪ್ಟೆಂಬರಿನಲ್ಲಿ ಸೋತಿತು. ಅದು ಗೆದ್ದದ್ದು 1994ರ ಅಕ್ಟೋಬರಿನಲ್ಲಿ. ಅಷ್ಟರಲ್ಲಿ ರಾಯರು ಅಧ್ಯಕ್ಷ ಪದವಿಯಿಂದ ನಿವೃತ್ತರಾಗಿದ್ದರು! ಬಿತ್ತಿದವರು ಒಬ್ಬರು, ಪೈರು ಬಂದಾಗ ಗದ್ದೆಯ ಬದುವಿನಲ್ಲಿ ನಿಂತವರು ಇನ್ನೊಬ್ಬರು. ಫಲವು ನಮ್ಮ ಕೈಯಲ್ಲಿಲ್ಲವೆಂಬ ಗೀತೆಯ ತತ್ತ್ವಕ್ಕೆ ಇದಕ್ಕಿಂತ ಸಮೀಪದ ದೃಷ್ಟಾಂತ ಬೇಕೆ?

ಈ ಕರ್ಮದಿಂದ ಯಾರಿಗೆ ಹಿತವಾಯಿತೆಂಬುದನ್ನು ನಮ್ಮ ಮಲ್ಪೆಯ ಕಡಲತೀರವೇ ಹೇಳುತ್ತದೆ. ಬಿರುಗಾಳಿಗೆ ಸಿಕ್ಕಿದ ಹಡಗನ್ನು ಆಚಾರ್ಯರು ತಮ್ಮ ಉತ್ತರೀಯವನ್ನು ಬೀಸಿ ದಡಕ್ಕೆ ತಂದ ಕಥೆಯನ್ನು ನಾವೆಲ್ಲ ಬಲ್ಲೆವು; ಆ ಹಡಗಿನ ಗೋಪೀಚಂದನದಿಂದಲೇ ನಮ್ಮ ಶ್ರೀಕೃಷ್ಣನು ಉಡುಪಿಗೆ ಬಂದನು. ಅವತಾರಪುರುಷರ ಮಹಿಮೆಗೂ ಮಾನವರ ಯಂತ್ರಕ್ಕೂ ಸಾಟಿಯಿಲ್ಲ. ಆದರೆ ಕಡಲಿಗಿಳಿದವನ ಪ್ರಾಣವನ್ನು ಕಾಯಬೇಕೆಂಬ ಕರುಣೆಯ ದಾರಿ ಒಂದೇ. ಇಂದು ಚಂಡಮಾರುತವು ದೂರದಲ್ಲಿರುವಾಗಲೇ ಉಪಗ್ರಹದ ಚಿತ್ರಗಳಿಂದ ಎಚ್ಚರಿಕೆ ದೊರೆಯುತ್ತದೆ, ಮೀನುಗಾರರು ದಡಕ್ಕೆ ಮರಳುತ್ತಾರೆ, ಅವರ ಮನೆಯ ದೀಪ ಉಳಿಯುತ್ತದೆ.

ರಾಯರಿಗೆ 1976ರಲ್ಲಿ ಪದ್ಮಭೂಷಣವೂ 2017ರಲ್ಲಿ ಪದ್ಮವಿಭೂಷಣವೂ ಸಂದವು. 2017ರ ಜುಲೈ 24ರಂದು ಅವರು ಬೆಂಗಳೂರಿನಲ್ಲಿ ಕಾಲವಾದರು. ಮರುವರ್ಷ ಅಲ್ಲಿನ ಉಪಗ್ರಹ ಕೇಂದ್ರಕ್ಕೆ ‘ಯು. ಆರ್. ರಾವ್ ಉಪಗ್ರಹ ಕೇಂದ್ರ’ವೆಂದು ನಾಮಕರಣವಾಯಿತು. ಆ ಹೆಸರಿನ ಮೊದಲಕ್ಷರ ಯಾವುದು? ಉಡುಪಿ! ಲೋಕವೆಲ್ಲ ಸುತ್ತಿದರೂ ಅವರು ಹುಟ್ಟಿದ ನೆಲವನ್ನು ತಮ್ಮ ಹೆಸರಿನ ಮುಂದೆಯೇ ಇರಿಸಿಕೊಂಡಿದ್ದರು.

ಹಿರಿಯರೇ, ಶಾರದಾಪೂಜೆಯ ದಿನ ಮಕ್ಕಳ ಭೌತಶಾಸ್ತ್ರದ ಪುಸ್ತಕವನ್ನು ಸರ್ವಮೂಲ ಗ್ರಂಥದ ಪಕ್ಕದಲ್ಲಿಯೇ ಇರಿಸಿರಿ. ಅವರು ಕೇಳುವ ಪ್ರಶ್ನೆಯನ್ನು ನಾಸ್ತಿಕತೆಯೆಂದು ಗದರಬೇಡಿರಿ. ಉತ್ತರ ತಿಳಿಯದಿದ್ದರೆ ಬಲ್ಲವರ ಬಳಿಗೆ ಅವರೊಡನೆ ನೀವೂ ಹೋಗಿರಿ. ಕಿರಿಯರೇ, ಎಷ್ಟೇ ದೂರದ ಊರಿನಲ್ಲಿದ್ದರೂ ದಿನಕ್ಕೊಂದಿಷ್ಟು ಹೊತ್ತನ್ನು ಸಂಧ್ಯೆಗೂ ಜಪಕ್ಕೂ ಮೀಸಲಿಡಿರಿ. ವಾರಕ್ಕೊಮ್ಮೆಯಾದರೂ ತಂದೆತಾಯಿಯರೊಡನೆ ಮಾತನಾಡಿರಿ. ರಾತ್ರಿ ಮಲಗುವ ಮುನ್ನ ಅಂದಿನ ಪ್ರಯೋಗ ಸಫಲವಾಗಿರಲಿ ವಿಫಲವಾಗಿರಲಿ, ಅದನ್ನು ಮಾಡಿಸಿದವನು ಅವನೆಂದು ಅರಿತು ಅವನಿಗೇ ಒಪ್ಪಿಸಿರಿ. ನಾನೇ ಕರ್ತನೆಂಬ ಅಹಂಕಾರವೇ ನಮ್ಮೊಳಗಿನ ಮಹಿಷ. ಅದನ್ನು ತಾಯಿಯ ಪಾದದಡಿಯಲ್ಲಿ ಇರಿಸಿದ ದಿನವೇ ನಮಗೆ ನಿಜವಾದ ವಿಜಯದಶಮಿ.

ಶ್ರೀ ಭಾರತೀರಮಣ ಮುಖ್ಯಪ್ರಾಣಾಂತರ್ಗತ ಶ್ರೀಕೃಷ್ಣಾರ್ಪಣಮಸ್ತು.